ಗ್ರಾಫ್ ಹಾಳೆಯ ಮೇಲೆ ಅಕ್ಕನ ಜಡೆ

ನಮ್ಮ ಅಕ್ಕನನ್ನು ಮೊದಲ ಸಲ ತೂಕಕ್ಕೆ ಹಾಕಿದ್ದು ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ. ಮಂಡಿ ನಮ್ಮ ಸೋದರಮಾವನದು. ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟ ದೊಡ್ಡ ತಕ್ಕಡಿ. ಒಂದು ಕಡೆ ಅಕ್ಕ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಕಾಲು ಮಡಚಿ, ಉದ್ದ ಜಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇನ್ನೊಂದು ಕಡೆ ಹಮಾಲ ಒಂದೊಂದಾಗಿ ತೂಕದ ಕಲ್ಲು ಇಡುತ್ತಿದ್ದ. ಮಂಡಿಯಲ್ಲಿ ಮೊದಲನೆಯದಕ್ಕೆ ‘ಒಂದು’ ಅನ್ನುವ ಪದ್ಧತಿ ಇಲ್ಲ, ‘ಲಾಭ’ ಅನ್ನಬೇಕು. ಅವನು ಅಭ್ಯಾಸಬಲದಿಂದ ‘ಲಾಭಾ...’ ಎಂದು ರಾಗವಾಗಿ ಕೂಗಿದ. ಕೊನೆಗೆ ಮುಳ್ಳು ನಿಂತಾಗ ಮಾವನ ಕಡೆ ತಿರುಗಿ, “ಅರವತ್ತೆಂಟು. ಚೀಲದ್ದು ಎಷ್ಟು ಕಳೀಲಿ ಸಾವ್ಕಾರ್ರೆ?” ಅಂದ.

“ಸೀರೇದು ಅರ್ಧ ಕಿಲೋ ಕಳಿ” ಅಂದರು ಮಾವ, ಗಂಭೀರವಾಗಿ.

“ಜಡೇದು?”

“ಜಡೆ ಕಳೀಬ್ಯಾಡ. ಅದು ಮಾಲಿನ ಜೊತೆಗೇ ಬತ್ತದೆ.”

ಮಾವ ಹೇಳಿದ ಆ ಕೊನೆಯ ಮಾತನ್ನು ನಾನು ಆವತ್ತೇ ಬರೆದಿಟ್ಟುಕೊಳ್ಳಬೇಕಿತ್ತು. ಬರೆದುಕೊಂಡದ್ದು ತೂಕ ಮಾತ್ರ.

ಅಕ್ಕ ತಕ್ಕಡಿ ಏರುವಂತಾದದ್ದಕ್ಕೆ ಹಿಂದಿನ ಭಾನುವಾರ ಕಾರಣ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ನಾವು ಐದು ಜನ: ಅಪ್ಪ, ಅಮ್ಮ, ಚೇಳೂರು ಕಡೆಯಿಂದ ಬಂದು ನಮ್ಮೊಂದಿಗೇ ಉಳಿದಿದ್ದ ಅಪ್ಪನ ತಾಯಿ, ಬಿ.ಎ. ಮುಗಿಸಿ ಮನೆಯಲ್ಲಿದ್ದ ಅಕ್ಕ, ಮತ್ತು ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದ ನಾನು. ಆ ಭಾನುವಾರ ಕುಣಿಗಲ್ಲಿನಿಂದ ಅಕ್ಕನನ್ನು ನೋಡಲು ಬಂದಿದ್ದರು. ಹುಡುಗ ಹುಲಿಯೂರುದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನು ತಟ್ಟೆಯ ಕಡೆ ನೋಡುತ್ತಾ, “ಉಪ್ಪಿಟ್ಟು ನೀವೇ ಮಾಡಿದ್ದಾ?” ಎಂದು ಕೇಳಿದ. ಅಕ್ಕ, “ಇಲ್ಲ, ಅಮ್ಮ ಮಾಡಿದ್ದು. ನಾನು ತಿನ್ನೋದ್ರಲ್ಲಿ ಚೆನ್ನಾಗಿದೀನಿ” ಅಂದಳು. ಅವನು ನಕ್ಕು ನಕ್ಕು ಉಪ್ಪಿಟ್ಟು ನೆತ್ತಿಗೇರಿಸಿಕೊಂಡ, ಅಪ್ಪ ಬೆನ್ನು ತಟ್ಟಬೇಕಾಯಿತು.

ಹುಡುಗನ ತಾಯಿ ಮಾತ್ರ ನಗುವುದಕ್ಕೆ ಬಂದವರಲ್ಲ. ಅವರ ಹಿರಿಯ ಸೊಸೆ ಮದುವೆಯ ದಿನ ಮಾರುದ್ದ ಜಡೆ ಇಟ್ಟುಕೊಂಡು ಬಂದು, ಮೂರನೇ ದಿನ ಎಣ್ಣೆನೀರಿಗೆ ಕೂತಾಗ ಅರ್ಧಕ್ಕಿಂತ ಹೆಚ್ಚು ಜಡೆ ಚೌರಿ ಎಂದು ಬಯಲಾಗಿತ್ತಂತೆ. ಚೌರಿ ಎಂದರೆ ಕೂದಲಿಗೆ ಕೂದಲು ಸೇರಿಸಿ ಹೆಣೆಯುವ ಆ ಕುಚ್ಚು. ಹಾಗಾಗಿ ಅವರು ಅಕ್ಕನನ್ನು ತಿರುಗಿಸಿ ನಿಲ್ಲಿಸಿ, ಎಮ್ಮೆಯ ಹಗ್ಗ ಪರೀಕ್ಷಿಸುವವರಂತೆ ಜಡೆಯನ್ನು ಎರಡು ಸಲ ಜಗ್ಗಿದರು. ಜಡೆ ಮೊಣಕಾಲಿನವರೆಗೆ ಇತ್ತು. ನನ್ನ ಮಣಿಕಟ್ಟಿನಷ್ಟು ದಪ್ಪ. ಅದು ಜಗ್ಗಲಿಲ್ಲ, ಅಕ್ಕನೇ ಹಿಂದಕ್ಕೆ ಜಗ್ಗಿದಳು. ಅವರಿಗೆ ಸಮಾಧಾನವಾಯಿತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದರು: “ಹುಡುಗಿ ಲಕ್ಸಣವಾಗವ್ಳೆ. ಜಡೆ ಅಂತೂ ಬುಡಿ, ನೋಡಾಕೆ ಎಲ್ಡು ಕಣ್ಣು ಸಾಲ್ದು. ಮೈ ಮಾತ್ರ ಒಂಚೂರು ಜಾಸ್ತಿ ಆಯ್ತು.” ಹೂ ಮುಡಿಸುವ ಶಾಸ್ತ್ರ ಶ್ರಾವಣದಲ್ಲಿ ಇಟ್ಟುಕೊಳ್ಳೋಣ ಅಂದು ಹೊರಟರು.

ಆ ಸಂಜೆ ಪಾತ್ರೆ ತೊಳೆಯುತ್ತಾ ಅಕ್ಕ ನನಗೊಬ್ಬಳಿಗೇ ಹೇಳಿದಳು: “ಆದ್ರೆ ಆ ಮೇಷ್ಟ್ರೇ ಆಗ್ಲಿ ಕಣೇ.” ನಮ್ಮ ಅಕ್ಕ ಅಲ್ಲಿಯವರೆಗೆ ಹೋಳಿಗೆ ಬಿಟ್ಟು ಬೇರೇನನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಇಲ್ಲಿ ನನ್ನ ತಪ್ಪು ಶುರು. ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದವಳು. ಎರಡು ವರ್ಷ ಸತತವಾಗಿ ಪರ್ಯಾಯ ಫಲಕ ತಂದುಕೊಟ್ಟವಳು. ನಮಗೆ ಚರ್ಚೆ ಕಲಿಸಿದ ಮೇಷ್ಟ್ರ ಮೊದಲ ಸೂತ್ರ, ‘ಎದುರಾಳಿ ಏನಂದುಕೊಂಡರು ಎಂದು ಊಹಿಸಬೇಡ, ಏನಂದರು ಅದನ್ನು ಹಿಡಿ.’ ಬೀಗಿತ್ತಿ ಏನಂದರು? ಜಡೆ ಒಪ್ಪಿಗೆ, ಮೈ ಜಾಸ್ತಿ. ಇದು ಅಭಿಪ್ರಾಯವಲ್ಲ, ಷರತ್ತು. ಶ್ರಾವಣ ಅದರ ಗಡುವು. ಹೀಗೆಂದು ನಾನು ಮನೆಯವರ ಮುಂದೆ ಮಂಡಿಸಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ‘ಹ್ಞೂಂ’ ಅಂದರು. ಅಮ್ಮ ಹೆದರಿದಳು. ಅಜ್ಜಿ ಮಾತ್ರ, “ಅಯ್ಯೋ, ಅದು ಹಂಗಲ್ಲ ಕಣೇ, ಅವ್ರು...” ಎಂದು ಏನೋ ಶುರು ಮಾಡಿದಳು.

“ಅಜ್ಜಿ, ಅವರು ಹೇಳಿದ್ದು ನಿಜವೋ ಸುಳ್ಳೋ? ಅಷ್ಟು ಹೇಳು.”

“ಹೇಳಿದ್ದೇನೋ ದಿಟ...”

“ಮುಗೀತು.”

ನಗರ ಗ್ರಂಥಾಲಯದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದೆ. ಅದರಲ್ಲಿ ಬೆಳಿಗ್ಗೆ ಬೇಯಿಸಿದ ಯಾವುದೋ ಮೀನು, ಮಧ್ಯಾಹ್ನ ನಾವು ಕಂಡು ಕೇಳಿರದ ಸೊಪ್ಪು, ಸಂಜೆ ಗಿಣ್ಣಿನಂಥ ಏನೋ ಒಂದು ತಿನ್ನಬೇಕೆಂದಿತ್ತು. ಶೆಟ್ಟಿಹಳ್ಳಿಯಲ್ಲಿ ಸಿಗದ್ದನ್ನೆಲ್ಲಾ ಹೊಡೆದುಹಾಕಿದೆ. ಉಳಿದದ್ದು ಸೌತೆಕಾಯಿ, ನಿಂಬೆಹಣ್ಣು ಮತ್ತು ನೀರು. ನನ್ನ ಔದಾರ್ಯದಿಂದ ಒಂದು ಲೋಟ ನೀರುಮಜ್ಜಿಗೆ, ಸಂಜೆಗೆ ಅರ್ಧ ಬಟ್ಟಲು ಹುರುಳಿ ಬೇಯಿಸಿದ ನೀರು ಸೇರಿಸಿದೆ. ಮುದ್ದೆ, ಅನ್ನ, ಕಾಳು, ಬೆಣ್ಣೆ ಎಲ್ಲಾ ನಿಷಿದ್ಧ. ಯುಗಾದಿಯ ದಿನ ನಾವೆಲ್ಲಾ ಹೋಳಿಗೆ ತಿನ್ನುವಾಗ ಅಕ್ಕ ಎದುರಿಗೆ ಕೂತು, ಬೇವುಬೆಲ್ಲದಿಂದ ಬೆಲ್ಲ ಬೇರ್ಪಡಿಸಿ ಬೇವು ಮಾತ್ರ ತಿಂದಳು. ಹಾಗೆ ಮಾಡೆಂದು ಹೇಳಿದವಳು ನಾನೇ.

ಅಕ್ಕ ಒಮ್ಮೆಯೂ ಎದುರಾಡಲಿಲ್ಲ. ಒಂದು ದಿನ ಮಾತ್ರ, “ಆ ಮೇಷ್ಟ್ರು ನಕ್ಕಿದ್ದು ನಾನು ತಿಂತೀನಿ ಅಂದಿದ್ದಕ್ಕಲ್ವೇನೇ?” ಅಂದಳು.

“ಅದು ಭಾವನಾತ್ಮಕ ವಾದ” ಅಂದೆ.

ಪ್ರತಿ ತಿಂಗಳು ಬಸ್ಸು ಹತ್ತಿ ಗುಬ್ಬಿಗೆ ಹೋಗಿ ಮಾವನ ತಕ್ಕಡಿ ಏರಿಸುತ್ತಿದ್ದೆ. ಹಮಾಲ ಪ್ರತಿ ಸಲ ‘ಲಾಭಾ...’ ಎಂದು ಶುರು ಮಾಡಿ, ಪ್ರತಿ ಸಲ ಮುಖ ಸಣ್ಣದು ಮಾಡಿಕೊಂಡು ಮುಗಿಸುತ್ತಿದ್ದ. ಅರವತ್ತೆಂಟು ಅರವತ್ತೆರಡಾಯಿತು, ಐವತ್ತೇಳಾಯಿತು. ಮೇ ಕೊನೆಗೆ ಐವತ್ತಮೂರಕ್ಕೆ ಬಂದು ನಿಂತಿತು. “ಮಾಲು ಬಾಳ ಒಣಗ್ತಾ ಐತೆ ಸಾವ್ಕಾರ್ರೆ” ಅಂದ. ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದೆ. ಗೆರೆ ಸಿದ್ಧಗಂಗೆ ಬೆಟ್ಟದ ಮೆಟ್ಟಿಲಿನಂತೆ ಚೊಕ್ಕವಾಗಿ ಇಳಿದಿತ್ತು.

ಮನೆಯಲ್ಲಿ ಇದರಿಂದ ಕಂಗಾಲಾದವಳು ಅಜ್ಜಿ ಒಬ್ಬಳೇ. ಹೆಣ್ಣು ನೋಡಲು ಬಂದ ದಿನವೇ ಅವಳು ಮನೆದೇವರಿಗೆ ಹರಸಿಕೊಂಡುಬಿಟ್ಟಿದ್ದಳು: ಈ ಸಂಬಂಧ ಕೂಡಿಬಂದರೆ ಹುಡುಗಿಯ ತೂಕದಷ್ಟು ಬೆಲ್ಲದ ತುಲಾಭಾರ. ಹರಸಿಕೊಂಡಾಗ ಹುಡುಗಿ ಅರವತ್ತೆಂಟು ಕಿಲೋ ಇದ್ದಳು. ಈಗ ತಿಂಗಳು ತಿಂಗಳಿಗೂ ದೇವರ ಬೆಲ್ಲ ಕರಗುತ್ತಿತ್ತು.

“ದ್ಯಾವ್ರಿಗೆ ಮೋಸ ಕಣ್ಲೇ ಇದು” ಅಂದಳು ಅಜ್ಜಿ.

“ಅಜ್ಜಿ, ಹರಕೆ ಇದ್ದದ್ದು ತುಲಾಭಾರದ ದಿನದ ತೂಕಕ್ಕೋ, ಹರಸಿಕೊಂಡ ದಿನದ ತೂಕಕ್ಕೋ?”

“ನಾನೇನು ವಕೀಲ್ರನ್ನ ಕರ್ಕೊಂಡು ಹೋಗಿ ಹರಸ್ಕೊಂಡ್ನಾ?”

“ಹಾಗಾದರೆ ಅಸ್ಪಷ್ಟತೆಯ ಲಾಭ ನಮಗೆ.”

ಜೂನ್ ಮೊದಲ ವಾರ. ಅಕ್ಕ ತಲೆ ಬಾಚಿಕೊಂಡು ಎದ್ದ ಮೇಲೆ ನೆಲದ ಮೇಲೆ ಕೋಳಿಮರಿಯಷ್ಟು ದೊಡ್ಡದೊಂದು ಕರಿಯ ಉಂಡೆ ಉಳಿಯಿತು. ಮಾರನೆಯ ದಿನ ಎರಡು ಕೋಳಿಮರಿ. ಬಚ್ಚಲ ತೂಬು ಕಟ್ಟಿತು. ಸಾರಿನಲ್ಲಿ ಬಂತು, ಅಪ್ಪನ ಷರ್ಟಿನ ಗುಂಡಿಗೆ ಸುತ್ತಿತು, ನನ್ನ ರೆಕಾರ್ಡ್ ಪುಸ್ತಕದಲ್ಲಿ ಬರೆಯದ ಗೆರೆಗಳು ಕಾಣಿಸಿಕೊಂಡವು. ಅಕ್ಕ ಬಾಚಣಿಗೆ ಮುಟ್ಟುವುದಕ್ಕೇ ಹೆದರತೊಡಗಿದಳು. ಕನ್ನಡಿಯ ಮುಂದೆ ನಿಂತು ಬೈತಲೆಯನ್ನು ಬೆರಳಿನಿಂದ ಅಳೆಯುವಳು. ಶ್ರಾವಣಕ್ಕೆ ಎರಡು ತಿಂಗಳಿತ್ತು. ಹಿರಿಯ ಸೊಸೆಯ ಚೌರಿಯನ್ನು ಇಡೀ ಕುಣಿಗಲ್ಲಿಗೆ ಹೇಳಿಕೊಂಡು ಬಂದ ಬೀಗಿತ್ತಿ, ಕೈಯಲ್ಲಿ ಹೂ ಹಿಡಿದು ಜಡೆ ಹುಡುಕುವ ದಿನ.

ಕಾರಣಗಳು ಸಾಲಾಗಿ ಬಂದವು, ನಾನು ಸಾಲಾಗಿ ಹೊಡೆದುಹಾಕಿದೆ. ಅಮ್ಮ, ಬೋರ್‌ವೆಲ್ಲಿನ ಗಡಸು ನೀರು ಅಂದಳು. ಅದೇ ನೀರಿನಲ್ಲಿ ಸ್ನಾನ ಮಾಡುವ ನನ್ನ ತಲೆ ನೆಟ್ಟಗಿದೆ, ವಾದ ಬಿತ್ತು. ಪಕ್ಕದ ಮನೆಯ ದರ್ಜಿ ಸಾಬರ ಹೆಂಡತಿ ಅಕ್ಕನ ರವಿಕೆಯನ್ನು ನಾಲ್ಕನೇ ಸಲ ಒಳಕ್ಕೆ ಹಿಡಿಯುತ್ತಾ, “ಶಾಂಪೂ ಕಣಮ್ಮಾ, ಈಗಿನ ಹುಡ್ಗೀರು ಸೀಗೇಕಾಯಿ ಬಿಟ್ಬಿಟ್ರಿ” ಅಂದರು. ಅಕ್ಕ ಜೀವಮಾನದಲ್ಲಿ ಶಾಂಪೂ ಮುಟ್ಟಿರಲಿಲ್ಲ, ಬಿತ್ತು. ಗುಬ್ಬಿಯ ಅತ್ತೆ, ಎಂದರೆ ಮಾವನ ಹೆಂಡತಿ, ದೃಷ್ಟಿ ಅಂದರು. ಜಡೆ ಇಪ್ಪತ್ತೆರಡು ವರ್ಷ ಎಲ್ಲರ ಕಣ್ಣ ಮುಂದೆಯೇ ಇತ್ತು, ಆಗ ತಗಲದ ದೃಷ್ಟಿ ಈಗ್ಯಾಕೆ ತಗಲಿತು ಎಂದೆ. ಅವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಕೆಮ್ಮುತ್ತಲೇ ಗೆದ್ದೆ.

ಕೊನೆಗೆ ಅಜ್ಜಿ.

“ದ್ಯಾವ್ರು ವಸೂಲಿ ಮಾಡ್ಕತಾವ್ನೆ. ನೀನು ಬೆಲ್ಲದಲ್ಲಿ ಕಮ್ಮಿ ಮಾಡ್ದೆ, ಅವ್ನು ಕೂದ್ಲಲ್ಲಿ ಎತ್ಕತಾವ್ನೆ. ಎಲ್ಡಕ್ಕೂ ಸಂಬಂಧ ಐತೆ ಕಣೇ.”

ಇಡೀ ಮನೆ ಅಜ್ಜಿಯ ಕಡೆ ವಾಲಿತು. ಅಪ್ಪ ಕೂಡ ಪೇಪರು ಮಡಚಿದರು. ನನಗೆ ರೇಗಿತು. ತೂಕಕ್ಕೂ ಕೂದಲಿಗೂ ಸಂಬಂಧವಿಲ್ಲ ಎಂದು ಸಾಬೀತು ಮಾಡಿಯೇ ತೀರುತ್ತೇನೆ ಎಂದು ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಆವತ್ತಿನಿಂದ ಪ್ರತಿ ಬೆಳಿಗ್ಗೆ ಅಕ್ಕ ತಲೆ ಬಾಚುವಾಗ ಹಿಂದೆ ಬಿಳಿ ಪಂಚೆ ಹಾಸಿ, ಬಿದ್ದ ಕೂದಲನ್ನು ಒಂದೊಂದಾಗಿ ಎಣಿಸಿದೆ. ಎಣಿಸಲು ಸುಲಭವಾಗಲೆಂದು ಬುಡವೆಲ್ಲಾ ಒಂದು ಕಡೆಗೆ ಬರುವಂತೆ ಜೋಡಿಸಿ, ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟೆ. ಎರಡನೆಯ ಗ್ರಾಫ್ ಸಿದ್ಧವಾಯಿತು.

ಅದು ಅದ್ಭುತವಾಗಿತ್ತು. ಮಾರ್ಚಿನಿಂದ ಮೇವರೆಗೆ ತೂಕ ಸರಸರ ಇಳಿದಿದೆ, ಕೂದಲು ಒಂದೂ ಅಲ್ಲಾಡಿಲ್ಲ. ಜೂನಿನಿಂದ ತೂಕ ನಿಂತಲ್ಲೇ ನಿಂತಿದೆ, ಕೂದಲು ಧೋ ಎಂದು ಸುರಿದಿದೆ. ಎರಡಕ್ಕೂ ಸಂಬಂಧ ಇದ್ದಿದ್ದರೆ ಒಟ್ಟಿಗೆ ಇಳಿಯಬೇಕಿತ್ತಲ್ಲವೆ? ಎರಡೂ ಹಾಳೆಗಳನ್ನು ಗೋಡೆಗೆ ಅಂಟಿಸಿ ಕಡ್ಡಿ ಹಿಡಿದು ವಿವರಿಸಿದೆ. ಅಮ್ಮ ನಂಬಿದಳು. ಅಪ್ಪ ನಂಬಿದರು. ಅಜ್ಜಿ ಗ್ರಾಫ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಚೌಕ್ಳಿ ಚೌಕ್ಳಿ ಚೆನ್ನಾಗಿದೆ, ರಂಗೋಲಿಗೆ ಬತ್ತದೆ” ಅಂದಳು.

ಸೌತೆಕಾಯಿ ಮುಂದುವರಿಯಿತು.

ಅಕ್ಕ ಆಷಾಢದಲ್ಲಿ ಒಂದು ದಿನ ನನಗೆ ಹೇಳದೆ, ಅಜ್ಜಿಯನ್ನು ಕರೆದುಕೊಂಡು ಲೇಡಿ ಡಾಕ್ಟರ ಹತ್ತಿರ ಹೊರಟಳು. ಗೊತ್ತಾಗಿ ನಾನೂ ಗ್ರಾಫ್ ಹಾಳೆ ಸುತ್ತಿಕೊಂಡು ಹಿಂದೆಯೇ ಓಡಿದೆ. ಡಾಕ್ಟರು ಅಕ್ಕನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಉಗುರು ನೋಡಿದರು.

“ಊಟಕ್ಕೆ ಏನ್ ತಿಂತೀಯಮ್ಮಾ?”

“ಬೆಳಿಗ್ಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ...” ಎಂದು ನಾನು ಶುರು ಮಾಡಿದೆ.

“ನಿನ್ನ ಹೊಟ್ಟೆ ಬಗ್ಗೆ ಕೇಳ್ಲಿಲ್ಲ.”

ಅಕ್ಕ ಮೆಲ್ಲಗೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರು ಹೇಳಿಕೊಟ್ರು ಇದನ್ನ?” ಅಜ್ಜಿ ಬೆರಳು ತೋರಿಸಬೇಕಾಗಿರಲಿಲ್ಲ, ಆದರೂ ತೋರಿಸಿದಳು.

ನಾನು ಬಿಡಲಿಲ್ಲ. ಊಟಕ್ಕೂ ಕೂದಲಿಗೂ ಸಂಬಂಧವಿಲ್ಲ ಅನ್ನುವುದಕ್ಕೆ ಆಧಾರ ಇದೆ ಎಂದು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿದೆ. ಡಾಕ್ಟರು ಅವನ್ನು ಸಾಕಷ್ಟು ಹೊತ್ತು ನೋಡಿದರು. ಮೆಚ್ಚಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ತೂಕದ ಹಾಳೆಯ ಮೇಲೆ ಕೂದಲಿನ ಹಾಳೆ ಇಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ಹಾಳೆಯನ್ನು ಬೆರಳಿನಿಂದ ಮೆಲ್ಲಗೆ ಎಡಕ್ಕೆ ಸರಿಸಿದರು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ತೂಕ ಕಡಿದಾಗಿ ಇಳಿದ ಜಾಗದ ಮೇಲೇ ಕೂದಲು ಸುರಿದ ಗುಡ್ಡ ಬಂದು ಕೂತಿತು.

“ಈಗ?” ಅಂದರು.

ಚರ್ಚಾಸ್ಪರ್ಧೆಯಲ್ಲಿ ಇಂಥ ಹೊತ್ತಿಗೆ ಗಂಟೆ ಬಾರಿಸುತ್ತಾರೆ. ಇಲ್ಲಿ ಫ್ಯಾನು ಮಾತ್ರ ಕಿರುಗುಟ್ಟುತ್ತಿತ್ತು.

“ನಿಮ್ಮ ಕಡೆ ತೆಂಗಿನ ತೋಟ ಇದೆಯೇನಜ್ಜಿ? ನೀರು ನಿಲ್ಲಿಸಿದ ದಿನವೇ ಮರ ಸೊರಗುತ್ತಾ?”

“ಎಲ್ಲಾರ ಉಂಟಾ? ಈ ಬ್ಯಾಸ್ಗೇಲಿ ಒಣಗ್ಸಿದ್ರೆ ಮರ ಸುಮ್ನೆ ನಿಂತಿರ್ತದೆ. ಸಿಟ್ಟು ತೋರ್ಸದು ಮುಂದ್ಲೊರ್ಸದ ಕಾಯಲ್ಲಿ.”

“ಅಷ್ಟೇ. ಮೈಗೆ ಊಟ ಸಾಲದಿದ್ದರೆ ಮೊದಲು ಕೈಬಿಡೋದು ಕೂದಲನ್ನ. ಕೂದಲಿಗೆ ಸುದ್ದಿ ತಲುಪೋದು ತಡ.” ಅಕ್ಕನ ಕಡೆ ತಿರುಗಿ, “ಕಾಳು, ಸೊಪ್ಪು, ಮುದ್ದೆ, ಹಾಲು, ಎಲ್ಲಾ ತಿನ್ನು. ಇನ್ನೂ ಸ್ವಲ್ಪ ದಿನ ಉದುರುತ್ತೆ, ಹೆದರಬೇಡ. ಆಮೇಲೆ ಬರುತ್ತೆ” ಅಂದರು.

“ಶ್ರಾವಣದೊಳ್ಗೆ ಬರುತ್ತಾ ಡಾಕ್ಟ್ರೇ?” ಅಕ್ಕ ಕೇಳಿದಳು.

“ಯಾವ ಶ್ರಾವಣ?”

ಹೊರಗೆ ಬಂದ ಮೇಲೆ ಅಜ್ಜಿ, “ಸಂಬಂಧ ಐತೆ ಅಂತ ನಾನಂದಿರ್ನಿಲ್ವಾ?” ಅಂದಳು. “ನೀನು ದೇವರು ಅಂದಿದ್ದೆ” ಅಂದೆ. “ಡಾಕ್ಟ್ರು ತೆಂಗಿನ್ಮರ ಅಂದ್ರು. ನೀನು ಏನೂ ಇಲ್ಲ ಅಂದಿದ್ದೆ. ಈಗ ಯಾರು ಹತ್ರ ಬಂದ್ರು?”

ಆವತ್ತೇ ಅಕ್ಕ ಎರಡು ಮುದ್ದೆ ಉಂಡಳು. ಆದರೆ ಜಡೆ ಅಷ್ಟರಲ್ಲಿ ನನ್ನ ಕಿರುಬೆರಳಿಗೆ ಇಳಿದಿತ್ತು. ಅಜ್ಜಿ ಬಿಸ್ಕತ್ತಿನ ಡಬ್ಬಿ ಕೆಳಗಿಳಿಸಿದಳು. ಜಗುಲಿಯ ಮೇಲೆ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ನನ್ನ ತಾರೀಖಿನ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಚೌರಿ ಕಟ್ಟತೊಡಗಿದಳು. “ಬುಡ ಎಲ್ಲಾ ಒಂದೇ ಕಡೀಕೆ ಜೋಡ್ಸಿದ್ಯಲ್ಲ, ಕೆಲ್ಸ ಸಲೀಸಾಯ್ತು. ನೀನು ಓದಿದ್ದು ಇದ್ಕಾರ ಆಯ್ತು ನೋಡು.”

ನಾನು ವಿರೋಧಿಸಿದೆ. ಇದು ವಂಚನೆ ಅಂದೆ. ಅಮ್ಮ, “ಅವಳದೇ ಕೂದ್ಲು, ಅವಳದೇ ತಲೆ, ವಂಚನೆ ಎಲ್ಲಿಂದ ಬಂತು?” ಅಂದಳು. ಉದುರಿದ ಮೇಲೂ ಕೂದಲು ಅವಳದೇ ಎನ್ನಬಹುದೇ? ಬಿದ್ದ ಹಲ್ಲನ್ನು ಅಂಟಿಸಿಕೊಂಡರೆ ಅದು ನಿಜವಾದ ಹಲ್ಲೋ ಕಟ್ಟಿಸಿದ ಹಲ್ಲೋ? ಎರಡು ದಿನ ಇದೇ ನಡೆಯಿತು. ಪರ ವಿರೋಧ ಎರಡೂ ಕಡೆಯಿಂದ ನಾನೇ ಮಾತಾಡಿದೆ. ಅಕ್ಕ ಮೂರನೆಯ ದಿನ, “ಚೌರಿ ಕಟ್ರಿ, ಬಿಡ್ರಿ. ಅವ್ರು ಕೇಳಿದ್ರೆ ನಾನು ಸುಳ್ಳು ಹೇಳಲ್ಲ” ಎಂದು ಎದ್ದು ಹೋಗಿ ಹಲಸಂದೆ ಕಾಳಿನ ಸಾರು ಬಡಿಸಿಕೊಂಡಳು.

ಶ್ರಾವಣದ ಎರಡನೇ ಶುಕ್ರವಾರ ಕುಣಿಗಲ್ಲಿನಿಂದ ಬಾಡಿಗೆ ವ್ಯಾನಿನಲ್ಲಿ ಎಂಟು ಹೆಂಗಸರು ಇಳಿದರು. ಮುಂದೆ ಬೀಗಿತ್ತಿ, ಹಿಂದೆ ತಟ್ಟೆ ಹಿಡಿದ ಹಿರಿಯ ಸೊಸೆ. ಚಾಪೆಯ ಮೇಲೆ ಕೂತಿದ್ದ ಅಕ್ಕನನ್ನು ನೋಡಿ ಬೀಗಿತ್ತಿ ನಿಂತೇಬಿಟ್ಟರು.

“ಇದೇನವ್ವಾ! ಹುಡ್ಗಿ ಕಾಯ್ಲೆ ಬಿದ್ದಿದ್ಲಾ?”

ಅಮ್ಮ ತೊದಲಿದಳು. ಯಾರೋ ಸೋಬಾನೆ ಎತ್ತಿಕೊಂಡರು. ಬೀಗಿತ್ತಿ ಅನುಮಾನದಿಂದಲೇ ಅರಿಶಿನ ಕುಂಕುಮ ಇಟ್ಟು, ಕನಕಾಂಬರದ ದಪ್ಪ ದಂಡೆ ತೆಗೆದುಕೊಂಡು ಅಕ್ಕನ ಹಿಂದೆ ಕೂತರು. ಕೈ ಅಭ್ಯಾಸದಂತೆ ಜಡೆ ಹಿಡಿಯಿತು. ಒಂದು ಸಲ ಜಗ್ಗಿತು.

ಈ ಸಲ ಅಕ್ಕ ಜಗ್ಗಲಿಲ್ಲ. ಜಡೆಯೇ ಬಂತು.

ಸೋಬಾನೆ ಅರ್ಧ ಸಾಲಿನಲ್ಲಿ ನಿಂತಿತು. ಬೀಗಿತ್ತಿಯ ಕೈಯಲ್ಲಿ ಮೊಣಕಾಲುದ್ದದ ಚೌರಿ ತೂಗಾಡುತ್ತಿತ್ತು. ಹಿರಿಯ ಸೊಸೆ ತಟ್ಟೆ ಕೆಳಗಿಟ್ಟು, ಬಾಯಿಗೆ ಸೆರಗು ಅಡ್ಡ ಹಿಡಿದು, ಬಹಳ ವರ್ಷ ಕಾದಿದ್ದವಳಂತೆ ನಕ್ಕಳು. ಬೀಗಿತ್ತಿ ಏಳುವುದಕ್ಕೆ ಕೈ ಊರಿದರು.

ನಾನು ಎದ್ದು ನಿಂತೆ. “ದಯವಿಟ್ಟು ಗಮನಿಸಿ, ಇಲ್ಲಿ ಮೂರು ಅಂಶಗಳಿವೆ...”

“ನೀನು ಕೂತ್ಕೊಳ್ಳೇ” ಅಂದಳು ಅಕ್ಕ. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಕೂತೆ.

ಅಕ್ಕ ಹಿಂದಕ್ಕೆ ತಿರುಗಿದಳು. “ಅದೂ ನನ್ ಕೂದ್ಲೇ ಅತ್ತೆ. ತಲೇಲಿದ್ದಿದ್ದು ಉದುರ್ತು, ಅಜ್ಜಿ ಕಟ್ಟಿಕೊಟ್ರು. ನೀವು ಮೈ ಜಾಸ್ತಿ ಅಂದ್ರಿ, ಊಟ ಬಿಟ್ಟು ಇಳಿಸ್ದೆ. ಜಡೇನ ನಾನು ಇಳಿಸ್ಲಿಲ್ಲ, ಅದು ಜೊತೇಲೇ ಹೊರಟೋಯ್ತು. ಡಾಕ್ಟ್ರು ಉಣ್ಣು ಅಂದವ್ರೆ, ಉಣ್ತಿದೀನಿ. ಕೂದ್ಲು ಬರುತ್ತೆ, ಮೈಯೂ ಬರುತ್ತೆ. ಒಂದು ಬೇಕು ಒಂದು ಬೇಡ ಅಂದ್ರೆ ನನ್ ಕೈಲಾಗಲ್ಲ. ನಂಗೆ ಈ ಸಂಬಂಧ ಇಷ್ಟ ಇದೆ. ನಿಮ್ಗೆ ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ, ಪಾಯಸ ಆರಿಹೋಗುತ್ತೆ.”

ಬೀಗಿತ್ತಿ ಚೌರಿಯಿಂದ ಒಂದು ಎಳೆ ಕಿತ್ತರು. ಅಕ್ಕನ ತಲೆಯಿಂದ, ಅಲ್ಲಿ ಉಳಿದಿದ್ದೇ ಕಮ್ಮಿ, ಇನ್ನೊಂದು ಎಳೆ ಕಿತ್ತರು. ಬಾಗಿಲ ಬೆಳಕಿಗೆ ಹೋಗಿ ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದರು. ಎಂಟೂ ಹೆಂಗಸರು ಸುತ್ತ ನೆರೆದು ಒಬ್ಬೊಬ್ಬರಾಗಿ ಉಜ್ಜಿದರು.

“ಒಂದೇ ಕೂದ್ಲು” ಎಂದು ತೀರ್ಪು ಕೊಟ್ಟು ಬೀಗಿತ್ತಿ ಒಳಗೆ ಬಂದರು. “ಅಲ್ಲಾ, ನಾನ್ಯಾವಾಗವ್ವಾ ಊಟ ಬುಡು ಅಂದೆ?”

ನನಗೆ ತಡೆಯಲಾಗಲಿಲ್ಲ. “‘ಮೈ ಮಾತ್ರ ಒಂಚೂರು ಜಾಸ್ತಿ ಆಯ್ತು.’ ಹೊಸ್ತಿಲಲ್ಲಿ, ಚಪ್ಪಲಿ ಮೆಟ್ಟುವಾಗ. ಇವೇ ಮಾತುಗಳು.”

“ಅಂದೆ! ಅನ್ದೆ ಏನ್ಮಾಡ್ಲಿ? ಅಂಥಾ ಜಡೆ, ಅಂಥಾ ಲಕ್ಸಣ, ಎಲ್ಲಾ ಸಂದಾಗೈತೆ ಅಂತ ಬಾಯ್ತುಂಬ ಹೊಗಳಿ ಎದ್ದೋದ್ರೆ ಹುಡ್ಗಿಗೆ ದಿಷ್ಟಿ ಆಗಾಕಿಲ್ವಾ? ನಮ್ ಕಡೆ ಹೆಣ್ಣು ನೋಡಿದ್ಮೇಲೆ ಏನಾರ ಒಂದು ಕೊಂಕು ಅಂದೇ ಹೊಸ್ಲು ದಾಟದು. ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಕ್ಕಲ್ವಾ, ಹಂಗೆ. ಇವ್ಳಿಗೆ ಏನೂ ಸಿಗ್ನಿಲ್ಲ, ಮೈ ಅಂದೆ. ಅದ್ಕೆ ಯಾರಾರ ಉಪಾಸ ಬೀಳ್ತಾರಾ?”

ದೃಷ್ಟಿಯಿಂದ ಕೂದಲು ಉದುರುವುದಿಲ್ಲ ಎಂದು ನಾನು ಗೆದ್ದಿದ್ದೆ. ಅದು ಈಗಲೂ ಸರಿ. ದೃಷ್ಟಿ ತಗಲದಿರಲೆಂದು ಆಡಿದ ಮಾತಿನಿಂದ ಉದುರಿತ್ತು.

“ನಂಗೊತ್ತಿತ್ತು” ಅಂದಳು ಅಜ್ಜಿ, ಮೂಲೆಯಿಂದ.

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಾಕೆ ಬಂದೆ. ನೀನು ‘ದಿಟವೋ ಸುಳ್ಳೋ’ ಅಂದೆ. ನಾನು ದಿಟ ಅಂದೆ. ನೀನು ‘ಮುಗೀತು’ ಅಂದ್ಬುಟ್ಟೆ.”

ಬೀಗಿತ್ತಿ ಹೂ ಮತ್ತೆ ಕೈಗೆತ್ತಿಕೊಂಡರು. ಚೌರಿ ಸಿಕ್ಕಿಸುವುದಕ್ಕೆ ಅಮ್ಮ ಹೋದಾಗ, “ಬುಡಿ, ಇದ್ದುದ್ದಕ್ಕೇ ಮುಡಿಸ್ತೀನಿ” ಅಂದರು. ಕುಣಿಗಲ್ಲಿನಿಂದ ತಂದ ದಂಡೆ ಹಳೆಯ ಜಡೆಯ ಅಳತೆಗೆ ಕಟ್ಟಿಸಿದ್ದು. ಒಂದು ಸಲ ಮುಡಿಸಿದರು, ಜಾರಿತು. ಎರಡನೇ ಸಲ ಪಿನ್ನು ಚುಚ್ಚಿದರು, ಪಿನ್ನಿನ ಸಮೇತ ಜಾರಿತು. ಹಿರಿಯ ಸೊಸೆ ತನ್ನ ಚೌರಿಯೊಳಗಿಂದ ಒಂದು ಕ್ಲಿಪ್ಪು ತೆಗೆದುಕೊಟ್ಟಳು, ಅದೂ ನಿಲ್ಲಲಿಲ್ಲ. ಕೊನೆಗೆ ಅಕ್ಕನೇ ಬಲಗೈ ಎತ್ತಿ ದಂಡೆಯನ್ನು ತಲೆಗೆ ಒತ್ತಿ ಹಿಡಿದುಕೊಂಡಳು. “ನೀವು ಹಾಡಿ, ನಾನು ಹಿಡ್ಕೊಂಡಿರ್ತೀನಿ.” ಸೋಬಾನೆ ಮುಗಿಯುವವರೆಗೂ ಹಾಗೇ ಕೂತಿದ್ದಳು. ಕುಣಿಗಲ್ಲಿನವರು ಐದು ಪದ ಹಾಡಿದರು.

ಮದುವೆ ಮಾಘದಲ್ಲಿ ಆಯಿತು. ಅಷ್ಟು ಹೊತ್ತಿಗೆ ಅಕ್ಕನ ಹಣೆಯ ಸುತ್ತ ಮೊಳಕೆ ರಾಗಿಯ ಹಾಗೆ ಹೊಸ ಕೂದಲು ನೆಟ್ಟಗೆ ನಿಂತಿತ್ತು, ಎಣ್ಣೆಗೂ ಬಗ್ಗುತ್ತಿರಲಿಲ್ಲ. ಚೌರಿ ಈಗ ಓರಗಿತ್ತಿಯ, ಎಂದರೆ ಆ ಹಿರಿಯ ಸೊಸೆಯ, ತಲೆಯಲ್ಲಿದೆ. ಅವಳೇ ಕೇಳಿ ಇಸಿದುಕೊಂಡಳು, ಇಬ್ಬರೂ ಬಹಳ ಅನ್ಯೋನ್ಯ. ತುಲಾಭಾರಕ್ಕೆ ಗುಬ್ಬಿಯಿಂದ ಹಮಾಲನೇ ಬಂದ. ಮುಳ್ಳು ನಿಂತಾಗ ಅಕ್ಕ ಎಪ್ಪತ್ತು ಕಿಲೋ. “ಲಾಭ ಸಾವ್ಕಾರ್ರೆ!” ಎಂದು ಕೊನೆಯಲ್ಲಿಯೂ ಒಂದು ಸಲ ಕೂಗಿದ. ಅಜ್ಜಿ ದೇವರ ಕಡೆ ನೋಡಿದ ನೋಟದಲ್ಲಿ ಅಡವಿಟ್ಟ ಹೊಲ ಬಿಡಿಸಿಕೊಂಡವಳ ಸಮಾಧಾನವಿತ್ತು.

ಹೂ ಮುಡಿಸಿದ ದಿನದ್ದು ಒಂದೇ ಒಂದು ಫೋಟೋ ಇದೆ. ಅಪ್ಪ ಆಫೀಸಿನವರೊಬ್ಬರಿಂದ ಕ್ಯಾಮೆರಾ ತಂದು ತೆಗೆದದ್ದು. ನಡುವೆ ಅಕ್ಕ, ಬಲಗೈ ತಲೆಯ ಮೇಲೆ. ಗೊತ್ತಿಲ್ಲದವರಿಗೆ ಹೂ ಕಾಣುವುದಿಲ್ಲ, ಸಭೆಯಲ್ಲಿ ಮಾತಾಡಲು ಅಪ್ಪಣೆ ಕೇಳುತ್ತಿರುವಂತೆ ಕಾಣುತ್ತದೆ. ಅವಳ ಪಕ್ಕದಲ್ಲಿ ನಾನಿದ್ದೇನೆ, ಎರಡೂ ಕೆನ್ನೆ ಉಬ್ಬಿಕೊಂಡು. ನಾನು ಏನೋ ಹೇಳಲು ಬಾಯಿ ತೆರೆದದ್ದು ಕಂಡು, ಅಜ್ಜಿ ಒಂದು ಇಡೀ ಕಾಯಿಕಡುಬು ತುರುಕಿದ್ದಳು.